ಎಲ್ಲಾ ಇದೆ, ಆದರೂ ದಿನ ಖಾಲಿ ಅನಿಸುತ್ತದೆ. ನಿಮಗೂ ಹೀಗಾಗಿದೆಯಾ?

ತೋಟದಂಚು (ಶಿರಸಿ ಹತ್ತಿರದ ಹಳ್ಳಿ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೇಳಬೇಕು ಅಂದುಕೊಂಡು ಸುಮ್ಮನಿದ್ದೆ. ಇವತ್ತು ಕೇಳಿಯೇ ಬಿಡುತ್ತೇನೆ.

ನನಗೆ 34 ವರ್ಷ. ಏಳು ವರ್ಷ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ, 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ಮತ್ತೆ ವಾಪಸ್ ಹೋಗಲಿಲ್ಲ. ಅದೇ ಕಂಪನಿ, ಅದೇ ಸಂಬಳ, ಕೆಲಸ ಮಾತ್ರ ಮನೆಯಿಂದ. ಅಪ್ಪಯ್ಯ, ಆಯಿ ಇಬ್ಬರೂ ಗಟ್ಟಿಯಾಗಿದ್ದಾರೆ. ಎರಡು ಎಕರೆ ಅಡಿಕೆ ತೋಟ ಇದೆ. ಸಾಲ ಇಲ್ಲ. ಸಿಕ್ಕವರೆಲ್ಲ "ನಿನ್ನಷ್ಟು ಪುಣ್ಯ ಯಾರಿಗಿದೆ ಮಾರಾಯ" ಅನ್ನುತ್ತಾರೆ. ನನಗೂ ಹಾಗೇ ಅನಿಸಬೇಕಿತ್ತು ಅಲ್ವಾ? ಅನಿಸುತ್ತಿಲ್ಲ.

ಬೆಳಿಗ್ಗೆ ಕಣ್ಣು ಬಿಡುತ್ತಿದ್ದಂತೆ ಕೈಗೆ ಮೊಬೈಲ್. ಒಂಬತ್ತಕ್ಕೆ ಲ್ಯಾಪ್‌ಟಾಪ್. ಊಟಕ್ಕೆ ಕೂತಾಗಲೂ ಒಂದು ಕಣ್ಣು ಮೆಸೇಜ್ ಮೇಲೆ. ಸಂಜೆಯಾದರೆ ಅಮೆರಿಕದವರ ಜೊತೆ ಮೀಟಿಂಗ್, ಅದು ಮುಗಿಯುವ ಹೊತ್ತಿಗೆ ಅಪ್ಪಯ್ಯ ಮಲಗಿರುತ್ತಾನೆ. ನಾನು ಬರೆದ ಕೋಡ್ ಎಲ್ಲಿಗೆ ಹೋಗುತ್ತದೆ, ಅದರಿಂದ ಯಾರಿಗೆ ಏನು ಉಪಯೋಗ ಆಯಿತು, ಒಂದೂ ಗೊತ್ತಾಗುವುದಿಲ್ಲ. ಒಂದು ಟಿಕೆಟ್, ಅಂದರೆ ಒಪ್ಪಿಸಿದ ಒಂದು ಕೆಲಸ, ಕ್ಲೋಸ್ ಮಾಡಿದರೆ ಇನ್ನೆರಡು ಬಂದು ಕೂತಿರುತ್ತವೆ. ಧ್ಯಾನದ ಆ್ಯಪ್ ಹಾಕಿಕೊಂಡು ಹತ್ತು ದಿನ ಮಾಡಿದೆ. ಅದೂ ಮೊಬೈಲ್‌ನಲ್ಲಿ ಬಾಕಿ ಉಳಿಯುವ ಇನ್ನೊಂದು ಕೆಲಸ ಆಯಿತು, ಬಿಟ್ಟೆ.

ಹೋದ ವಾರ ಒಂದು ಘಟನೆ ನಡೆಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಮ್ಮಲ್ಲಿ ಇದು ಅಡಿಕೆ ಸುಲಿಯುವ ಕಾಲ. ರಾತ್ರಿ ಆಯಿ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಒಬ್ಬಳೇ ಸುಲಿಯುತ್ತಿದ್ದಳು. ನಾನು ಪಕ್ಕದಲ್ಲೇ ಇಯರ್‌ಫೋನ್ ಹಾಕಿಕೊಂಡು, ಮೀಟಿಂಗ್‌ನಲ್ಲಿ ಮ್ಯೂಟ್ ಮಾಡಿ ಕೂತಿದ್ದೆ. ಅವಳು ಏನೋ ಹೇಳುತ್ತಿದ್ದಳು. ನಾನು ತಲೆ ಆಡಿಸುತ್ತಿದ್ದೆ. ಕಾಲು ಗಂಟೆ ಆದಮೇಲೆ ಇಯರ್‌ಫೋನ್ ತೆಗೆದು "ಎಂತ ಆಯಿ?" ಅಂದೆ. "ಎಂತದೂ ಇಲ್ಲೆ, ನೀ ಕೆಲಸ ಮಾಡು" ಅಂದಳು. ಮರುದಿನ ಅಪ್ಪಯ್ಯನಿಂದ ಗೊತ್ತಾಯಿತು. ಅವಳ ಜೊತೆ ಶಾಲೆಗೆ ಹೋಗುತ್ತಿದ್ದ ಗೆಳತಿ ತೀರಿಹೋಗಿದ್ದಳು. ಆಯಿ ಅದನ್ನೇ ಹೇಳುತ್ತಿದ್ದದ್ದು. ನಾನು ತಲೆ ಆಡಿಸಿದ್ದು ಅದಕ್ಕೇ.

ಅವತ್ತಿನಿಂದ ನಿದ್ದೆ ಸರಿ ಇಲ್ಲ. ಕೆಲಸ ಬಿಟ್ಟು ಪೂರ್ತಿ ತೋಟಕ್ಕೆ ಇಳಿದುಬಿಡಲಾ ಅನಿಸುತ್ತದೆ. ಆಮೇಲೆ ಅಲ್ಲೂ ಹೀಗೇ ಆದರೆ ಏನು ಮಾಡಲಿ ಅಂತ ಹೆದರಿಕೆ. ನಿಮಗೆ ಹೀಗಾಗಿದ್ದರೆ ಏನು ಮಾಡಿದಿರಿ? ಪುಸ್ತಕದ ಮಾತು ಬೇಡ, ನೀವೇ ಮಾಡಿ ನೋಡಿದ್ದು ಹೇಳಿ.

ಕಾಳಿ ದಂಡೆ (ಕಾರವಾರ)

ನಾನು ನರ್ಸ್. ಹಾಗಾಗಿ ಒಂದು ವಿಷಯ ಕೇಳದೆ ಮುಂದೆ ಹೋಗಲಾರೆ. ನಿದ್ದೆ ಸರಿ ಇಲ್ಲ ಅಂದಿರಿ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನಿಸುತ್ತದೆ, ಹೀಗೆಲ್ಲ ಇದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ನಂಬರ್ 14416. ದಿನದ 24 ಗಂಟೆಯೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುವ ಬೇರೆಯವರಿಗೂ ಬೇಕಾಗಬಹುದು ಅಂತ ಬರೆದೆ.

ಈಗ ಕೆಲಸದ ವಿಷಯ. ನಮ್ಮ ವಾರ್ಡ್‌ನಲ್ಲಿ ನೆಲ ಒರೆಸುವ ಅಕ್ಕ ಒಬ್ಬಳಿದ್ದಾಳೆ. ಎರಡು ವರ್ಷದ ಹಿಂದೆ ಜೋಯಿಡಾ ಕಡೆಯ ಒಬ್ಬ ಅಜ್ಜ ಸೊಂಟದ ಮೂಳೆ ಮುರಿದುಕೊಂಡು ಬಂದು ಸೇರಿದ್ದರು. ಕಾಡಿನ ಊರಿನವರು, ಹತ್ತಿರದಿಂದ ಸಮುದ್ರ ನೋಡಿದವರೇ ಅಲ್ಲ. ಅವರ ಮಂಚ ಗೋಡೆಗೆ ಮುಖ ಮಾಡಿ ಇತ್ತು. ಈ ಅಕ್ಕ ದಿನಾ ನೆಲ ಒರೆಸುವಾಗ ಮಂಚ ಸರಿಸಬೇಕಲ್ಲ, ಮೂರನೇ ದಿನ ಅದನ್ನು ವಾಪಸ್ ಇಡುವಾಗ ಕಿಟಕಿ ಕಡೆ ತಿರುಗಿಸಿಯೇ ಇಟ್ಟಳು. ಅಲ್ಲಿಂದ ದೂರದಲ್ಲಿ ಒಂದು ತುಂಡು ಸಮುದ್ರ ಕಾಣುತ್ತದೆ. ಮರುದಿನದಿಂದ ಅವಳು ಒಳಗೆ ಬಂದ ಕೂಡಲೇ "ಇವತ್ತು ಎಷ್ಟು ದೋಣಿ ಅಜ್ಜ?" ಅಂತ ಕೇಳುವುದು, ಅವರು ಬೆರಳು ಮಡಚಿ ಲೆಕ್ಕ ಕೊಡುವುದು. ಊಟ ಬೇಡ ಅನ್ನುತ್ತಿದ್ದ ಮನುಷ್ಯ ಗಂಜಿ ಕುಡಿಯತೊಡಗಿದರು. ಇದನ್ನು ಮಾಡು ಅಂತ ಅವಳಿಗೆ ನಾವು ಯಾರೂ ಹೇಳಿರಲಿಲ್ಲ. ಅವಳ ಸಂಬಳವೂ ಅದರಿಂದ ಜಾಸ್ತಿ ಆಗಲಿಲ್ಲ, ಆ ಸಂಬಳ ಕಡಿಮೆಯೇ, ಅದು ನನಗೆ ಇವತ್ತಿಗೂ ಬೇಸರ.

ಆಮೇಲೆ ಒಂದು ತರಬೇತಿಯಲ್ಲಿ ತಿಳಿಯಿತು, ಅಮೆರಿಕದಲ್ಲಿ ಏಮಿ ರೆಜ್ನೆಸ್ಕಿ ಮತ್ತು ಜೇನ್ ಡಟನ್ ಅನ್ನುವ ಇಬ್ಬರು ಸಂಶೋಧಕರು ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯನ್ನು ಮಾತಾಡಿಸಿ 2001ರಲ್ಲಿ ಇದನ್ನೇ ಬರೆದಿದ್ದಾರಂತೆ. ಎಲ್ಲರದ್ದೂ ಒಂದೇ ಕೆಲಸ. ಕೆಲವರು ನಾವು ಗುಡಿಸುವವರು ಅಂದರು. ಕೆಲವರು ರೋಗಿ ಗುಣವಾಗುವುದರಲ್ಲಿ ನಮ್ಮ ಕೈಯೂ ಇದೆ ಅಂದುಕೊಂಡು, ಯಾರೂ ಹೇಳದ ಸಣ್ಣಪುಟ್ಟ ಕೆಲಸ ತಾವಾಗಿಯೇ ಸೇರಿಸಿಕೊಂಡಿದ್ದರು. ನನಗೆ ಓದಿ ಆಶ್ಚರ್ಯವೇನೂ ಆಗಲಿಲ್ಲ, ನಮ್ಮ ಅಕ್ಕನ ಮುಖವೇ ಕಣ್ಣೆದುರಿಗೆ ಬಂತು.

ಕೆಲಸ ಈಗಲೇ ಬಿಡಬೇಡಿ. ನೀವು ಬರೆದದ್ದನ್ನು ಬಳಸುವ ಒಬ್ಬರೇ ಒಬ್ಬರ ಹತ್ತಿರ ಮಾತಾಡಿಸಿ ಅಂತ ನಿಮ್ಮ ಮೇಲಿನವರನ್ನು ಕೇಳಿ. ನಿಮಗೆ ಆ ಅಜ್ಜ ಇನ್ನೂ ಕಂಡಿಲ್ಲ, ಅಷ್ಟೇ ಇರಬಹುದು.

ಹಳೇ ರಂಪಣಿ (ಅಂಕೋಲಾ ಕಡೆ)

ತಮ್ಮಾ, ನನಗೆ ಟೈಪ್ ಮಾಡಲು ಬರುವುದಿಲ್ಲ. ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ.

ನನಗೆ ಹತ್ತು ವರ್ಷ ಇದ್ದಾಗ ಅಪ್ಪನ ಜೊತೆ ರಂಪಣಿ ಎಳೆಯಲು ಹೋಗುತ್ತಿದ್ದೆ. ನೋಡಿರದವರಿಗೆ ಹೇಳುತ್ತೇನೆ. ಮೀನಿನ ಹಿಂಡು ದಡದ ಹತ್ತಿರ ಬಂದರೆ ನೀರಿನ ಬಣ್ಣವೇ ಬೇರೆಯಾಗುತ್ತದೆ, ಅದನ್ನು ಗುರುತಿಸಲು ಒಬ್ಬ ಹಿರಿಯ ಇರುತ್ತಿದ್ದ, ಅವನು ಕೂಗಿದ ಕೂಡಲೇ ದೋಣಿಯವರು ಬಲೆ ಬಿಡುತ್ತಾ ಅರ್ಧ ಸುತ್ತು ಹೊಡೆದು ಬರುತ್ತಿದ್ದರು, ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ದಡದಲ್ಲಿ ಊರಿಗೆ ಊರೇ ಎಳೆಯುವುದು. ಹಿಮ್ಮಡಿ ಮರಳಿನಲ್ಲಿ ಹೂತುಹೋಗುತ್ತಿತ್ತು. ಮುಂದಿನವನ ಬೆನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ. ಒಬ್ಬ ಹಗ್ಗ ಸಡಿಲ ಬಿಟ್ಟರೆ ಹಿಂದಿನವನಿಗೆ ಕೂಡಲೇ ಗೊತ್ತಾಗುತ್ತಿತ್ತು, ಬೇರೆ ಏನನ್ನೋ ಯೋಚಿಸುತ್ತಾ ನಿಲ್ಲಲು ಆಗುತ್ತಲೇ ಇರಲಿಲ್ಲ. ಬಂಗಡೆ ಬಲೆಯಲ್ಲಿ ಒದ್ದಾಡುವ ಸದ್ದು ಮಳೆ ಬಂದ ಹಾಗೆ ಕೇಳುತ್ತಿತ್ತು. ಕೈ ಹಾಕಿದ ಹುಡುಗರಿಗೂ ಒಂದು ಪಾಲು ಇತ್ತು. ನನ್ನ ಪಾಲಿನ ಮೀನು ಅಂಗಿಯಲ್ಲಿ ಕಟ್ಟಿಕೊಂಡು ಮನೆಗೆ ಓಡುತ್ತಿದ್ದೆ.

ಎಲ್ಲಾ ಚೆನ್ನಾಗಿತ್ತು ಅಂತ ಸುಳ್ಳು ಹೇಳುವುದಿಲ್ಲ. ಮೀನು ಸಿಗದ ವರ್ಷ ಹಸಿವು ಇತ್ತು, ಸಾಲ ಇತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಆಳ ನೀರಿನಲ್ಲೇ ಅದನ್ನು ಸುತ್ತಿ ಹಿಡಿಯತೊಡಗಿದರು. ನಮ್ಮ ರಂಪಣಿ ನಿಂತುಹೋಯಿತು. ಅಪ್ಪನಿಗೆ ಆಮೇಲೆ ಬೇರೆ ದುಡಿಮೆ ಸಿಕ್ಕಿತು, ಮನೆಗೆ ದುಡ್ಡೂ ಬಂತು. ಆದರೂ ಸಂಜೆ ಅದೇ ಜಾಗಕ್ಕೆ ಹೋಗಿ ಕೂರುತ್ತಿದ್ದ. ಒಂದು ದಿನ ನಾನು ಕೇಳಿದೆ, ಇಲ್ಲಿ ಯಾಕೆ ಕೂರುತ್ತೀಯಾ ಅಂತ. "ಈಗ ಯಾರೂ ಕೂಗುವುದಿಲ್ಲ ಮಗಾ" ಅಂದ. ಆಗ ನನಗೆ ಅದು ಅರ್ಥ ಆಗಲಿಲ್ಲ.

ಈಗ ನನಗೆ 63. ಸಮುದ್ರಕ್ಕೆ ಹೋಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳಿಗೆ ರಜೆ ಅಲ್ವಾ, ಆಗ ಶೆಡ್ಡಿನಲ್ಲಿ ಕೂತು ಹರಿದ ಬಲೆ ಸರಿಮಾಡುತ್ತೇವೆ, ನಾಲ್ಕೈದು ಜನ. ಕಣ್ಣು ಆಚೆ ಹೋದರೆ ಗಂಟು ತಪ್ಪುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಹೊರಗೆ ಮಳೆ, ಒಳಗೆ ಮಾತು, ಕೆಲವೊಮ್ಮೆ ಒಂದು ಗಂಟೆ ಯಾರೂ ಮಾತಾಡುವುದೂ ಇಲ್ಲ. ಹೋದ ಮಳೆಗಾಲದಲ್ಲಿ ಜ್ವರ ಬಂದು ಮಲಗಿದ್ದೆ. ಎರಡನೇ ದಿನ ಬೆಳಿಗ್ಗೆ ಇಬ್ಬರು ಬಾಗಿಲಲ್ಲಿ ನಿಂತಿದ್ದರು, "ಎಲ್ಲಿ ಹೋದೆ ನೀನು" ಅಂತ. ನೀನು ಬರದಿದ್ದರೆ ಯಾರಿಗಾದರೂ ಗೊತ್ತಾಗುವಂಥ ಜಾಗ ನಿನಗೆ ಇದೆಯಾ ತಮ್ಮಾ? ಮೀಟಿಂಗ್ ಲೆಕ್ಕಕ್ಕಿಲ್ಲ. ಅಲ್ಲಿ ಮ್ಯೂಟ್ ಮಾಡಿ ಕೂತಿದ್ದೆ ಅಂತ ನೀನೇ ಬರೆದಿದ್ದೀಯಾ, ಅದು ಯಾರಿಗೂ ಗೊತ್ತಾಗಿರಲಿಕ್ಕಿಲ್ಲ.

ಸೊಪ್ಪಿನಬೆಟ್ಟ (ಸಿದ್ದಾಪುರ)

ನನಗೆ ಒಂದು ಮಾತು ಓದಿ ಸಂಕಟ ಆಯಿತು, ನೇರವಾಗಿ ಹೇಳುತ್ತೇನೆ. "ಆಯಿ ಒಬ್ಬಳೇ ಸುಲಿಯುತ್ತಿದ್ದಳು" ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅವಳು ಒಬ್ಬಳೇ ಯಾಕೆ ಇದ್ದಳು?

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಅಡಿಕೆ ಸುಲಿಯುವುದು ಒಬ್ಬರ ಕೆಲಸ ಆಗಿರಲಿಲ್ಲ. ಇವತ್ತು ನಮ್ಮ ಮನೆ, ನಾಳೆ ನಿಮ್ಮ ಮನೆ, ಮುರಿಯಾಳು ಅಂತೀವಲ್ಲ, ಹಾಗೆ ಸರದಿಯಲ್ಲಿ ನಡೆಯುತ್ತಿತ್ತು. ಅಂಗಳದಲ್ಲಿ ಚಪ್ಪರ, ಒಂದು ದೀಪ, ಸುತ್ತ ಹನ್ನೆರಡು ಹದಿನೈದು ಜನ. ಯಾರೋ ಯಕ್ಷಗಾನದ ಪದ್ಯ ಹೇಳುವರು, ಯಾರೋ ಅಳಿಯನ ಮನೆಯ ಸುದ್ದಿ ತೆಗೆಯುವರು. ಈಗ ದೊಡ್ಡ ಬೆಳೆಗಾರರು ಮಷಿನ್ ತರಿಸುತ್ತಾರೆ, ಉಳಿದವರು ಗುತ್ತಿಗೆಗೆ ಕೊಡುತ್ತಾರೆ. ನಮ್ಮ ಕೇರಿಯಲ್ಲಿ ಹನ್ನೊಂದು ಮನೆ, ಅದರಲ್ಲಿ ಏಳು ಮನೆಯಲ್ಲಿ ಬರೀ ಗಂಡ ಹೆಂಡತಿ, ಇಬ್ಬರೂ ಅರವತ್ತು ದಾಟಿದವರು. ಮಕ್ಕಳೆಲ್ಲ ಬೆಂಗಳೂರು. ನಿಮ್ಮ ಆಯಿಗೆ ಮಗ ಮನೆಯಲ್ಲೇ ಇದ್ದಾನೆ, ಆದರೂ ಅದೇ ಕಥೆ. ನಿಮಗೆ ಖಾಲಿ ಅನಿಸುವುದು ನಿಮ್ಮೊಬ್ಬರ ಸಮಸ್ಯೆ ಅಲ್ಲ, ಜಗಲಿಯಲ್ಲಿ ಪಕ್ಕದಲ್ಲೇ ಕೂತವಳಿಗೂ ಅದೇ ಆಗಿರಬಹುದು.

ಹಾಗಂತ ಹಳೇ ಕಾಲ ಬಂಗಾರ ಅಂತ ನಾನು ಹೇಳುವುದಿಲ್ಲ. ಆ ಹದಿನೈದು ಜನರಿಗೆ ರಾತ್ರಿ ಅವಲಕ್ಕಿ, ಚಾ ಮಾಡುತ್ತಿದ್ದವರು ಯಾರು? ನನ್ನ ಅತ್ತೆ. ಆಮೇಲೆ ನಾನು. ಪದ್ಯ ಕೇಳುವ ಪುಣ್ಯ ನನಗೆ ಒಳಗಿಂದಲೇ ಸಿಕ್ಕಿದ್ದು. ಮೇಲೆ ಅಣ್ಣ ಹೇಳಿದರು, ಕರೆಯುವವರು ಬೇಕು ಅಂತ. ಅವರ ಅಪ್ಪನ ಮಾತು ಓದಿ ನನಗೂ ಕಣ್ಣು ತುಂಬಿತು. ಆದರೆ ನಮ್ಮಂಥವರನ್ನು ದಿನಕ್ಕೆ ನಲವತ್ತು ಸಲ ಕರೆಯುತ್ತಾರೆ. ನನಗೆ ನೆಮ್ಮದಿ ಸಿಗುವುದು ಯಾರೂ ಕರೆಯದ ಅರ್ಧ ಗಂಟೆಯಲ್ಲಿ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಬೆಟ್ಟಕ್ಕೆ ಹೋಗುತ್ತೇನೆ, ಸೊಪ್ಪು ತರುವ ನೆಪ. ಒಂದು ಮತ್ತಿ ಮರ ಇದೆ, ಅದರ ಬುಡದಲ್ಲಿ ಸುಮ್ನೆ ಕೂರುತ್ತೇನೆ. ಫೋನ್ ಒಯ್ಯುವುದಿಲ್ಲ. ಅಲ್ಲಿಂದ ಬಂದಮೇಲೆ ಅತ್ತೆಯ ಮಾತು ಪೂರ್ತಿ ಕೇಳಿಸುತ್ತದೆ ನನಗೆ.

ಆಯಿ ಜೊತೆ ಕೂರುವುದಾದರೆ ಕತ್ತಿ ಹಿಡಿದು ಕೂತು ಸುಲಿಯಿರಿ. ಸುಮ್ನೆ ಮಾತಾಡಿಸಲು ಬಂದರೆ ಅವಳಿಗೆ ಕೆಲಸ ಹಾಗೇ ಉಳಿಯುತ್ತದೆ.

ಮೇಷ್ಟ್ರು (ಕುಮಟಾ)

ಪುಸ್ತಕದ ಮಾತು ಬೇಡ ಅಂದಿದ್ದೀರಿ, ಮೇಷ್ಟ್ರಾದ್ದರಿಂದ ಎರಡು ಹೇಳಿಯೇ ಮುಂದೆ ಹೋಗುತ್ತೇನೆ. ಹಾರ್ವರ್ಡ್‌ನವರು 1938ರಲ್ಲಿ ಒಂದು ಅಧ್ಯಯನ ಶುರು ಮಾಡಿದರು, 724 ಗಂಡಸರ ಜೀವನವನ್ನು ಹರೆಯದಿಂದ ಮುಪ್ಪಿನವರೆಗೆ ಹಿಂಬಾಲಿಸಿದರು. ಕಾಲೇಜು ಹುಡುಗರೂ ಇದ್ದರು, ಬಾಸ್ಟನ್ನಿನ ಬಡ ಕೇರಿಯವರೂ ಇದ್ದರು. 50ನೇ ವಯಸ್ಸಿನಲ್ಲಿ ತಮ್ಮವರ ಜೊತೆ ಚೆನ್ನಾಗಿದ್ದವರೇ 80ರಲ್ಲಿ ಜಾಸ್ತಿ ಆರೋಗ್ಯವಾಗಿದ್ದರು. ಇನ್ನೊಂದು 2010ರದ್ದು. 2,250 ಜನರಿಗೆ ಫೋನಿನಲ್ಲೇ ಆಗಾಗ "ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ" ಅಂತ ಕೇಳಿದರು. ಹತ್ತಿರ ಹತ್ತಿರ ಅರ್ಧ ಹೊತ್ತು, ನೂರಕ್ಕೆ 47ರಷ್ಟು, ಮನಸ್ಸು ಕೈಯಲ್ಲಿದ್ದ ಕೆಲಸದಲ್ಲಿ ಇರಲಿಲ್ಲ. ಹಾಗೆ ಅಲೆಯುವಾಗ ಜನ ಕಡಿಮೆ ಖುಷಿಯಾಗಿದ್ದರು.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಪಾಠ ಮಾಡುವಾಗ ಮಕ್ಕಳಿಗೂ ಹೇಳಿದ್ದೇನೆ. ಆದರೂ ಆರು ವರ್ಷದ ಹಿಂದೆ ಹೆಂಡತಿ ಹೋದಮೇಲೆ ನನಗೆ ಅದರಿಂದ ಏನೂ ಸಹಾಯ ಆಗಲಿಲ್ಲ. ಬೆಳಿಗ್ಗೆ ಎರಡು ಲೋಟ ಚಾ ಮಾಡಿ ಒಂದನ್ನು ಚೆಲ್ಲುತ್ತಿದ್ದೆ. ಟಿವಿ ಹಾಕಿಟ್ಟು ಬೇರೆ ಕೋಣೆಯಲ್ಲಿ ಕೂರುತ್ತಿದ್ದೆ, ಮನೆಯಲ್ಲಿ ಮಾತು ಕೇಳಿಸಲಿ ಅಂತ.

ನನ್ನನ್ನು ಎಬ್ಬಿಸಿದ್ದು ತಾಳಮದ್ದಳೆ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಹಳೇ ಸ್ನೇಹಿತರೊಬ್ಬರು ಬಲವಂತ ಮಾಡಿ ಕರೆದುಕೊಂಡು ಹೋದರು, ಜನ ಕಡಿಮೆ ಬಿದ್ದಿದ್ದರು, ಸಣ್ಣ ಪಾತ್ರ ಒಂದಿತ್ತು. ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದುಕೊಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥ ನಾವು ಆಗಿಂದಾಗ ಹೇಳಬೇಕು. ಮೊದಲ ದಿನ ಮನೆಯಲ್ಲೇ ನನ್ನ ಮಾತನ್ನೆಲ್ಲ ಬರೆದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎದುರಿನವರು ಕರ್ಣನಾಗಿ ನನ್ನನ್ನು ಒಂದು ಪ್ರಶ್ನೆ ಕೇಳಿದರು, ನಾನು ಅದಕ್ಕೆ ಸಂಬಂಧವೇ ಇಲ್ಲದ್ದನ್ನು ಒಪ್ಪಿಸಿದೆ. ಅವರು ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಅದೇ ಪ್ರಶ್ನೆಯನ್ನು ಮತ್ತೊಮ್ಮೆ, ಬೇರೆ ಮಾತಿನಲ್ಲಿ ಕೇಳಿದರು. ಆಗ ಅವರ ಮುಖ ನೋಡಿದೆ. ತಿಂಗಳುಗಟ್ಟಲೆ ಆದಮೇಲೆ ಮೊದಲ ಸಲ ಒಬ್ಬ ಮನುಷ್ಯನ ಮಾತನ್ನು ಕೊನೆಯವರೆಗೆ ಕೇಳಿದ್ದೆ ಅಂತ ಮನೆಗೆ ಬಂದಮೇಲೆ ಅನಿಸಿತು. ಈಗ ಪ್ರತಿ ಗುರುವಾರ ಹೋಗುತ್ತೇನೆ. ಹಿಂದಿನ ದಿನವೇ ಪಂಚೆ ಇಸ್ತ್ರಿ ಮಾಡಿಡುತ್ತೇನೆ.

ಸಿದ್ದಾಪುರದ ತಂಗಿ ಹೇಳಿದ್ದು ಸತ್ಯ, ಒಂಟಿತನ ಬೇರೆ, ಏಕಾಂತ ಬೇರೆ. ನನಗೆ ಮೊದಲನೆಯದು ಬೇಕಾದಷ್ಟಿತ್ತು, ಅವರಿಗೆ ಎರಡನೆಯದು ಕದ್ದು ತರಬೇಕಾಗಿದೆ.

ಇನ್ನೊಂದು ನೆನಪಾಯಿತು. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರ ಪದ್ಮಶ್ರೀ ಬಂತಲ್ಲ, ಆಗ ಎಲ್ಲರೂ ಬರಿಗಾಲಿನ ಫೋಟೋ ನೋಡಿದರು. ಅದಕ್ಕೂ ಮೊದಲು ದಶಕಗಳ ಕಾಲ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸಸಿ ಮಾಡುತ್ತಿದ್ದರು. ಯಾವ ತಾಯಿಮರದ ಬೀಜ, ಯಾವಾಗ ಆಯಬೇಕು ಅನ್ನುವುದು ಅವರಿಗೆ ಗೊತ್ತಿತ್ತು, ಶಾಲೆಗೆ ಹೋದವರಲ್ಲ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕೂಲಿ ಕೆಲಸವೇ ಆಗಿತ್ತು ಅದು, ಆದರೆ ಎದುರಿಗಿದ್ದ ಸಸಿ ಮೇಲೆ ಅವರ ಗಮನ ಇತ್ತು. ತೋಟಕ್ಕೆ ಇಳಿದರೆ ಸರಿಹೋಗುತ್ತದಾ ಅಂತ ಕೇಳಿದಿರಿ. ಇಯರ್‌ಫೋನ್ ಹಾಕಿಕೊಂಡು ಇಳಿದರೆ ತೋಟವೂ ಮೀಟಿಂಗ್ ಥರಾನೇ ಆಗುತ್ತದೆ ಅಂತ ನನ್ನ ಹೆದರಿಕೆ.

ತೋಟದಂಚು (ಶಿರಸಿ ಹತ್ತಿರದ ಹಳ್ಳಿ)

ಏಳು ವಾರ ಆಯಿತು. ಎಲ್ಲರ ಉತ್ತರವನ್ನೂ ಅವತ್ತೇ ಓದಿದ್ದೆ, ಏನಾದರೂ ಮಾಡಿ ಆಮೇಲೆ ಬರೆಯೋಣ ಅಂತ ಸುಮ್ಮನಿದ್ದೆ.

ಕಾರವಾರದ ಅಕ್ಕ, ಆ ನಂಬರಿಗೆ ಒಂದು ಸಲ ಫೋನ್ ಮಾಡಿದೆ. ಮಾತಾಡಿದವರು ಅರ್ಧ ಗಂಟೆ ಕೇಳಿಸಿಕೊಂಡರು. ನಿದ್ದೆ ಈಗ ಪರವಾಗಿಲ್ಲ. ಕೆಲಸ ಬಿಟ್ಟಿಲ್ಲ. ನಾನು ಮಾಡುವುದು ಕ್ಲಿನಿಕ್‌ಗಳ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರಿನ ಒಂದು ಭಾಗ. ಕೇಳಿಕೊಂಡು, ಅದನ್ನು ದಿನಾ ಬಳಸುವ ಒಬ್ಬ ರಿಸೆಪ್ಷನಿಸ್ಟ್ ಜೊತೆ ಮಾತಾಡಿದೆ. ವಯಸ್ಸಾದವರು ಫೋನ್ ಮಾಡಿದಾಗ ಒಂದು ಪುಟ ತೆರೆಯಲು ಹೊತ್ತಾಗುತ್ತದೆ, ಅವರು ಲೈನ್ ಕಟ್ ಆಯಿತು ಅಂತ ಇಟ್ಟುಬಿಡುತ್ತಾರೆ ಅಂದಳು. ಆ ಪುಟ ನನ್ನದೇ. ನಾಲ್ಕು ದಿನ ಕೂತು ಸರಿಮಾಡಿದೆ. ಯಾರೂ ಹೇಳಿರಲಿಲ್ಲ.

ಸೋಮವಾರ, ಗುರುವಾರ ರಾತ್ರಿ ಮೀಟಿಂಗ್ ಬೇಡ ಅಂತ ಬರೆದೆ. ಸುಲಭವಾಗಿ ಒಪ್ಪಿದರು, ನಾನು ಇಷ್ಟು ವರ್ಷ ಕೇಳಿಯೇ ಇರಲಿಲ್ಲ.

ಆಯಿ ಎದುರಿಗೆ ಇನ್ನೊಂದು ಮೆಟ್ಟುಗತ್ತಿ ಹಾಕಿಕೊಂಡು ಕೂತೆ. ಮೊದಲ ದಿನವೇ ಬೆರಳು ಕೊಯ್ದುಕೊಂಡೆ. ಅವಳು ಒಂದು ಡಬ್ಬ ಸುಲಿಯುವಾಗ ನನ್ನದು ಕಾಲು ಡಬ್ಬವೂ ಆಗುವುದಿಲ್ಲ. ಕೈ ಕಪ್ಪಾಗಿದೆ, ಸೋಪಿಗೆ ಹೋಗುತ್ತಿಲ್ಲ. ಎರಡನೇ ದಿನ ನಾನೇ ಆ ಗೆಳತಿಯ ವಿಷಯ ಕೇಳಿದೆ. ಅವಳು ಮೊದಲು ಸುಮ್ಮನಿದ್ದಳು. ಆಮೇಲೆ ಹೇಳಿದಳು, ಇಬ್ಬರೂ ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುತ್ತಿದ್ದದ್ದು, ಇಬ್ಬರಿಗೂ ಸೇರಿ ಒಂದೇ ಕಂಬಳಿಕೊಪ್ಪೆ, ಒಳಗೆ ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಗೆಳತಿ ಲೆಕ್ಕದಲ್ಲಿ ಜೋರು. ಏಳನೇ ಕ್ಲಾಸಿಗೆ ಬಿಡಿಸಿದರು. ಇದನ್ನು ಹೇಳುವಾಗ ಆಯಿಯ ಕೈ ನಿಂತಿತ್ತು, ಅಡಿಕೆ ಕತ್ತಿಗೆ ಸಿಕ್ಕಿಕೊಂಡೇ ಇತ್ತು. ನಾನು ಏನೂ ಹೇಳಲಿಲ್ಲ, ಹೇಳಲು ಏನೂ ಹೊಳೆಯಲಿಲ್ಲ. ಮರುದಿನ ಗೆಳತಿಯ ಮನೆಗೆ ಕರೆದುಕೊಂಡು ಹೋದೆ, ಕ್ರಿಯೆ ಎಲ್ಲಾ ಮುಗಿದಿತ್ತು. ಆ ಮನೆಯ ಸೊಸೆ ಹಳೇ ಫೋಟೋ ತೆಗೆದು ತೋರಿಸಿದರು. ಆಯಿ ಅಲ್ಲಿ ಎರಡು ಗಂಟೆ ಕೂತಳು.

ಸೊಪ್ಪಿನಬೆಟ್ಟದ ಅಕ್ಕ, ನಿಮ್ಮ ಮಾತು ಚುಚ್ಚಿತ್ತು, ಒಳ್ಳೆಯದೇ ಆಯಿತು. ಈಗ ಗುರುವಾರ ಪಕ್ಕದ ಮನೆಯ ಅತ್ತೆಯೂ ಅಡಿಕೆ ಬುಟ್ಟಿ ತೆಗೆದುಕೊಂಡು ನಮ್ಮ ಜಗಲಿಗೆ ಬರುತ್ತಾರೆ. ಚಾ ನಾನೇ ಮಾಡುತ್ತೇನೆ. ಮತ್ತೆ, ಮಧ್ಯಾಹ್ನ ಆಯಿ ಹಿತ್ತಿಲ ಕಟ್ಟೆಯಲ್ಲಿ ಕೂತಿರುವಾಗ ಅವಳನ್ನು ಕರೆಯುವುದು ಬಿಟ್ಟಿದ್ದೇನೆ. ಅವಳು ಅಲ್ಲಿ ದಿನಾ ಕೂರುತ್ತಾಳೆ ಅನ್ನುವುದೇ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಖಾಲಿ ಅನಿಸುವುದು ಪೂರ್ತಿ ಹೋಗಿಲ್ಲ, ಭಾನುವಾರ ಸಂಜೆ ಈಗಲೂ ಬರುತ್ತದೆ. ಅಂಕೋಲಾದ ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ. ಹೋದ ಗುರುವಾರ ಅರ್ಜೆಂಟ್ ಕೆಲಸ ಬಂದು ಒಳಗೇ ಉಳಿದೆ. ಎಂಟೂವರೆಗೆ ಪಕ್ಕದ ಮನೆ ಅತ್ತೆ ಬಾಗಿಲ ಹತ್ತಿರ ಬಂದು "ಎಂತ ಆತೋ ಮಾಣಿ, ಹುಷಾರಿಲ್ಯ?" ಅಂದರು.

ಇವತ್ತು ಕೆಳಗಿನಕೇರಿಯಲ್ಲಿ ಆಲೆಮನೆ ಶುರು, ಕಬ್ಬಿನ ಹಾಲಿಗೆ ಕರೆದಿದ್ದಾರೆ. ಕ್ಯಾನ್ ತೊಳೆದು ಬಿಸಿಲಿಗೆ ಇಟ್ಟಿದ್ದೇನೆ, ಆಯಿ ಸೀರೆ ಬದಲಿಸಿ ಅಂಗಳದಲ್ಲಿ ನಿಂತಿದ್ದಾಳೆ. ಹೋಗಿ ಬಂದು ಉಳಿದದ್ದು ಬರೆಯುತ್ತೇನೆ.